ಹಾ-ಏಳು

ನನ್ನ ಕೆಲಸ ಚೀಟಿ ಕಟ್ಟುವುದು.
ಇಳಿದ ಪ್ರತಿ ತೊಲೆಗೆ, ಜಂತೆಗೆ, ಅಂಗೈಯಗಲದ ತುಂಡಿಗೂ
ಒಂದು ಅಕ್ಷರ, ಒಂದು ಅಂಕಿ:
ಇ-ಒಂದು, ರೋ-ನಾಲ್ಕು, ಹಾ-ಏಳು.
ವಕಾಸಾ ಕೊಲ್ಲಿಯ ಹಿಂದಿನ ಕಣಿವೆಯಲ್ಲಿ
ಈ ಪುಟ್ಟ ಗುಡಿಯನ್ನು ಬಿಚ್ಚುತ್ತಿದ್ದೇವೆ,
ಕೆಡವುತ್ತಿಲ್ಲ. ಈ ಮಾತನ್ನು ದಾರಿಹೋಕರಿಗೆ
ದಿನಕ್ಕೆ ಹತ್ತು ಸಲ ಹೇಳುತ್ತೇನೆ.
ಮೂಲಂಗಿ ಹೊತ್ತು ಹೋಗುವ ಅಜ್ಜಿಗೆ ಮಾತ್ರ ನಂಬಿಕೆಯಿಲ್ಲ:
"ಮತ್ತೆ ಕಟ್ಟುತ್ತೀರೋ, ಇಲ್ಲಾ ಸೌದೆಗೋ?"

ಮೊಳೆಯೇ ಇಲ್ಲ ಎನ್ನುವವರು ನೋಡಿದವರಲ್ಲ.
ಇವೆ, ಅಲ್ಲೊಂದು ಇಲ್ಲೊಂದು, ಕಮ್ಮಾರ ಬಡಿದ ಚೌಕ ಮೊಳೆ.
ಭಾರ ಹೊತ್ತದ್ದು ಅವಲ್ಲ, ಅಷ್ಟೇ.
ಹೊತ್ತದ್ದು
ಒಂದು ಮರದ ನಾಲಿಗೆ ಇನ್ನೊಂದರ ಬಾಯೊಳಗೆ
ಆಡದೆ ಉಳಿಸಿಕೊಂಡ ಮಾತು.

ಕಂಬಗಳ ಕೆಳಗೆ ಹೊಳೆಯ ಕಲ್ಲು, ಬಂದ ಹಾಗೇ ಇದೆ.
ಯಾರೂ ಅದನ್ನು ಸಮ ಮಾಡಹೋಗಲಿಲ್ಲ.
ಅದರ ಉಬ್ಬಿಗೆ, ಅದರ ತಗ್ಗಿಗೆ
ಕಂಬದ ಪಾದವನ್ನೇ ಕೊರೆದು ನಿಲ್ಲಿಸಿದ್ದಾರೆ.
ನೆಲ ನಡುಗಿದ ಯಾವುದೋ ರಾತ್ರಿ
ವಾಯವ್ಯದ ಕಂಬ ಎರಡು ಬೆರಳು ಪಕ್ಕಕ್ಕೆ ಸರಿದಿದೆ,
ಬಸ್ಸಿನಲ್ಲಿ ಯಾರಿಗೋ ಜಾಗ ಬಿಟ್ಟ ಹಾಗೆ.
ಆಮೇಲೆ ಅಲ್ಲೇ ನಿಂತುಬಿಟ್ಟಿದೆ.

ತೋಮೋಯೆ ನಮ್ಮ ಮೇಸ್ತ್ರಿ. ಐವತ್ತೆಂಟು. ಮಂಡಿನೋವು.
ಗರಗಸವನ್ನು ತಳ್ಳುವುದಿಲ್ಲ, ತನ್ನತ್ತ ಎಳೆದುಕೊಳ್ಳುತ್ತಾಳೆ,
ತೋಪಡವನ್ನೂ ಹಾಗೇ; ಇಲ್ಲಿ ಎಲ್ಲರ ರೂಢಿಯೇ ಅದು.
ಕಪ್ಪಿಟ್ಟ ತೊಲೆಯ ಮೇಲೆ ಒಮ್ಮೆ ಎಳೆದಳು:
ಈರುಳ್ಳಿ ಸಿಪ್ಪೆಗಿಂತ ತೆಳುವಾದ ಸುರುಳಿ,
ಅದರ ಕೆಳಗೆ ಹಿನೋಕಿ ಮರ
ನಿನ್ನೆ ಕಡಿದಂತೆ ಘಮ್ಮೆಂದಿತು.
ಚೀಟಿಯ ದಾರ ಹಲ್ಲಲ್ಲಿ ಕಚ್ಚಿಕೊಂಡೇ ನಿಂತೆ.
ಹೊರಗೆ ಮಸಿ. ಒಳಗೆ ಕೆಚ್ಚು.

ಬೇಸಿಗೆಯಲ್ಲಿ ಬರುವ ಪ್ರವಾಸಿಗರು
ಪಾದರಕ್ಷೆ ಕಳಚಿ, ಸುಮ್ಮನೆ ಕಂಬ ಸವರುತ್ತಿದ್ದರು.
ಏನು ಕಂಡಿರಿ ಎಂದರೆ ಕೈ ನೋಡಿಕೊಳ್ಳುತ್ತಿದ್ದರು.

ಹಾ-ಏಳನ್ನು ಬಿಡಿಸಿದ್ದು ಮಂಗಳವಾರ.
ಕೊಡತಿಯ ನಾಲ್ಕು ಪೆಟ್ಟು, ಐದನೆಯದಕ್ಕೆ ಒಂದು ಒಣ ಕೆಮ್ಮು,
ಸಂದು ಬಿಟ್ಟಿತು.
ಬೆಳಕು ಕಾಣದ ಒಳಮೈಯಲ್ಲಿ ಶಾಯಿಯ ಬರಹ:

"ತೆನ್‌ಪೋ ನಾಲ್ಕು. ಹತ್ತನೇ ತಿಂಗಳು. ಮಳೆ. ಅಕ್ಕಿ ತುಟ್ಟಿ.
ಗೆಂಗೋ ಕೀಲನ್ನು ಗಿಡ್ಡ ಕುಯ್ದ.
ಬೇರೆ ತೊಲೆಗೆ ದುಡ್ಡಿಲ್ಲ, ಬೆಣೆ ಹಾಕಿದ್ದೇನೆ.
ಹುಡುಗನಿಗೆ ಹೊಡೆಯಲಿಲ್ಲ. ಹಸಿದಿದ್ದ.
ಇದನ್ನು ಯಾರೂ ನೋಡಲಾರರು.
ನೀನು ನೋಡಿದೆ.
ಬಡಗಿ ಮೊಹೆಯಿ."

ಬೆಣೆ ಇತ್ತು. ಹೆಬ್ಬೆರಳ ಉಗುರಿನಷ್ಟು.

ಕಚೇರಿಯ ಕುಸಾಕಾಬೆ ಕನ್ನಡಕ ಹಣೆಗೇರಿಸಿ ಓದಿದ.
ನಿಯಮ ಒಂದೇ: ಇದ್ದದ್ದು ಇದ್ದಂತೆ.
ಕೀಲಿನ ತುದಿಯನ್ನು ಗೆದ್ದಲು ತಿಂದಿದೆ,
ಹೊಸ ತುಂಡು ಬೆಸೆಯಬೇಕು.
"ಹಾಗಾದರೆ," ತೋಮೋಯೆ ಕೇಳಿದಳು, "ಗಿಡ್ಡವಾಗಿಯೇ ಕುಯ್ಯಲೇ?"
ಅವನು ಹಾಳೆ ತಿರುಗಿಸಿದ, ಮತ್ತೆ ತಿರುಗಿಸಿದ.
ತಪ್ಪಿನ ಬಗ್ಗೆ ಹಾಳೆಯಲ್ಲಿ ಏನೂ ಇರಲಿಲ್ಲ.

ಕುಯ್ದಳು. ಗೆಂಗೋನಷ್ಟೇ ಗಿಡ್ಡ, ಒಂದು ಕೂದಲೂ ಹೆಚ್ಚಲ್ಲ.
ಅಷ್ಟು ಸರಿಯಾಗಿ ತಪ್ಪುವುದಕ್ಕೆ
ಅವಳಿಗೆ ಮೂರು ದಿನ ಬೇಕಾಯಿತು;
ಅವನಿಗೆ ಒಂದು ಹಸಿವು ಸಾಕಾಗಿತ್ತು.
ಹಳೆಯ ಬೆಣೆಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ
ಅದೇ ಜಾಗಕ್ಕಿಟ್ಟಳು.

ಮುಚ್ಚುವ ಮೊದಲು ಕುಂಚ ನನ್ನ ಕೈಗೆ ಕೊಟ್ಟು
ಟೀ ಕುಡಿಯಲು ಹೋದಳು.
ಮೊಹೆಯಿ ಬರಹದ ಪಕ್ಕ ಜಾಗ ಬಿಟ್ಟಿದ್ದ,
ಬೇಕೆಂದೇ ಇರಬೇಕು.
ತುಂಬ ಹೊತ್ತು ಏನೂ ಹೊಳೆಯಲಿಲ್ಲ.
ನನಗೆ ಬರುವುದು ಅಂಕಿ ಬರೆಯುವುದಷ್ಟೇ.
ಕೊನೆಗೆ ಎರಡು ಸಾಲು:
"ಬೆಣೆ ಗಟ್ಟಿಯಾಗಿದೆ.
ಗೆಂಗೋಗೆ ಊಟ ಆಯಿತೇ?"

ಕೊಡತಿ ಬಿತ್ತು. ಸಂದು ಕೂಡಿತು.
ಬೆಟ್ಟದಾಚೆ ಮೊದಲ ಹಿಮದ ಬಿಳಿ.
ಇನ್ನು ಬೇಡವಾದ ಹಾ-ಏಳರ ಚೀಟಿಯನ್ನು ಬಿಚ್ಚಿ,
ಎಸೆಯಲಾರದೆ,
ಜೇಬಿಗೆ ಹಾಕಿಕೊಂಡೆ.